ಪೀಠಿಕೆ ಇಲ್ಲದ ಸೀಮೆ

ಆ ವರ್ಷ ಹತ್ತನೇ ತರಗತಿಗೆ ನಾನು ಕೊಟ್ಟ ಮೊದಲ ಪ್ರಬಂಧದ ವಿಷಯ ‘ನೀರಿನ ಮಹತ್ವ’. ಹದಿನೈದು ವಾಕ್ಯಕ್ಕೆ ಕಡಿಮೆ ಇರಬಾರದು ಎಂದು ಬೋರ್ಡಿನ ಮೇಲೆ ಬರೆದು, ಅದರ ಕೆಳಗೆ ಗೆರೆ ಎಳೆದು, ಸಾಲದೆಂದು ಬಾಯಲ್ಲೂ ಹೇಳಿದ್ದೆ. ಪೀರಿಯಡ್ಡು ಅರ್ಧ ಕಳೆಯುವ ಮೊದಲೇ ಮಕ್ಕಳೆಲ್ಲ ಪೆನ್ನಿಗೆ ಮುಚ್ಚಳ ಹಾಕಿ ಕಿಟಕಿಯಾಚೆ ನೋಡುತ್ತ ಕೂತರು. ಅಷ್ಟು ಬೇಗ ಬರೆದು ಮುಗಿಸಿದರಲ್ಲ, ಈ ಸಲದ ಬ್ಯಾಚು ಚುರುಕಾಗಿದೆ ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಸಂಜೆ ಸ್ಟಾಫ್ ರೂಮಿನಲ್ಲಿ ಕೂತು ಮೊದಲ ಹಾಳೆ ಎತ್ತಿಕೊಂಡೆ. ಅದರಲ್ಲಿ ಇದ್ದದ್ದು ಇಷ್ಟು: “ನೀರು ಬಿಟ್ಟರೆ ಭತ್ತ. ಬಿಡದಿದ್ದರೆ ಹೆದ್ದಾರಿ ಬಂದ್.”

ಎರಡನೆಯವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದ. “ನೀರಿನ ಮಹತ್ವ ಗೊತ್ತಿಲ್ಲದವರು ಬೆಂಗಳೂರಿನಲ್ಲಿ ಇದ್ದಾರೆ. ಅವರ ಕೈಲಿ ಬರೆಸಿ.” ಮೂರನೆಯ ಹಾಳೆಯಲ್ಲಿ ವಿಷಯವನ್ನು ದುಂಡಗೆ ಬರೆದು, ಅದರ ಕೆಳಗೆ “ಬಹಳ ಇದೆ” ಎಂದು ಬರೆದು, ಚುಕ್ಕಿ ಇಟ್ಟು, ಸಹಿ ಹಾಕಿದ್ದ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಮನೆಯವರು ಹೇಳುತ್ತಾರೆ. ಕೆಂಪು ಪೆನ್ನು ಹಿಡಿದು ಕೂತವಳಿಗೆ ಆ ಕೋಪವನ್ನು ಎಲ್ಲಿ ಇಳಿಸಬೇಕೆಂದು ತಿಳಿಯಲಿಲ್ಲ. ಒಂದು ಕಾಗುಣಿತದ ತಪ್ಪಾದರೂ ಸಿಗಬೇಕಲ್ಲ, ತಪ್ಪು ಮಾಡುವಷ್ಟು ಜಾಗವನ್ನೇ ಅವರು ಬಳಸಿರಲಿಲ್ಲ. ಬರೆದದ್ದೆಲ್ಲ ನಿಜವಾಗಿತ್ತು. ನಿಜಕ್ಕೆ ಎಷ್ಟು ಅಂಕ ಕೊಡಬೇಕೆಂದು ಇಲಾಖೆಯವರು ಯಾವ ತರಬೇತಿಯಲ್ಲೂ ನಮಗೆ ಹೇಳಿಕೊಟ್ಟಿಲ್ಲ.

ಆತಗೂರು ಹೋಬಳಿಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ ಅದು. ನಾನು ಮಂಡ್ಯದಿಂದ ಮದ್ದೂರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹೋಗಿ ಕನ್ನಡ ಕಲಿಸುತ್ತಿದ್ದೆ. ಹುಟ್ಟಿದ್ದು ಮಳವಳ್ಳಿ ಕಡೆ, ಹಾಗಾಗಿ ಮಕ್ಕಳ ಕಾಯಿಲೆ ಎಲ್ಲಿಂದ ಬಂದದ್ದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ತಾಯಿ ಫೋನು ಮಾಡಿದರೆ ಹಲೋ ಎನ್ನುವುದಿಲ್ಲ. ಅಕ್ಕಿ ಕಳಿಸಿದ್ದೇನೆ, ಬಸ್‌ಸ್ಟ್ಯಾಂಡಿಗೆ ಹೋಗಿ ತಗೋ ಎಂದು ಹೇಳಿ, ನಾನು ಆಂ ಎನ್ನುವಷ್ಟರಲ್ಲಿ ಇಟ್ಟುಬಿಡುತ್ತಾಳೆ. ಮದುವೆಗೆ ಕರೆಯಲು ಬಂದವರು ಪತ್ರಿಕೆಯನ್ನು ಮೇಜಿನ ಮೇಲೆ ಇಟ್ಟು “ಬುಧವಾರ, ಬನ್ನಿ” ಎಂದು ಹೊಸಲು ದಾಟುತ್ತಾರೆ, ಮದುವೆ ಯಾರದೆಂದು ನಾವು ಪತ್ರಿಕೆ ಓದಿ ತಿಳಿದುಕೊಳ್ಳಬೇಕು. ಸಾವಿನ ಮನೆಯಲ್ಲೂ ಅಷ್ಟೇ. ಹೋದರು, ಏನು ಮಾಡುವುದಕ್ಕಾಗುತ್ತದೆ, ಊಟ ಮಾಡಿ ಎನ್ನುತ್ತಾರೆ. ಇಂಥ ಸೀಮೆಯ ಮಕ್ಕಳಿಗೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದರೆ ಊಟಕ್ಕೆ ಮೊದಲು ಮೂರು ಸಲ ಕೈ ತೊಳೆಯಲು ಹೇಳಿದ ಹಾಗೆ ಕಾಣುತ್ತಿತ್ತು.

ನಮ್ಮ ಹೆಡ್‌ಮಾಸ್ಟರು ಮಾತ್ರ ಮೈಸೂರಿನವರು. ಒಂದು ಲೋಟ ನೀರು ಬೇಕಾದರೂ ಮೊದಲು ಬಿಸಿಲಿನ ವಿಷಯ ಎತ್ತುವವರು. ಮಕ್ಕಳ ಪ್ರಬಂಧಗಳನ್ನು ತೋರಿಸಿದಾಗ ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಇದು ಪ್ರಬಂಧವಲ್ಲ, ಟೆಲಿಗ್ರಾಮು ಎಂದರು.

ಆ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ, ಎಲ್ಲರಿಗಿಂತ ಚಿಕ್ಕದಾಗಿ ಬರೆಯುತ್ತಿದ್ದವಳು ಒಬ್ಬ ಹುಡುಗಿ. ಎರಡನೇ ಬೆಂಚಿನಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದಳು. ‘ಗ್ರಾಮ ನೈರ್ಮಲ್ಯ’ ಎಂಬ ವಿಷಯಕ್ಕೆ ಅವಳು ಬರೆದದ್ದು ನನಗೆ ಇವತ್ತಿಗೂ ಬಾಯಿಪಾಠ: “ಎಲ್ಲರೂ ಅವರವರ ಮನೆ ಮುಂದೆ ಗುಡಿಸುತ್ತಾರೆ. ಪಂಚಾಯಿತಿ ಮುಂದೆ ಯಾರೂ ಇಲ್ಲ.” ಗಣಿತದ ಮೇಷ್ಟ್ರಿಗೆ ಈ ಹುಡುಗಿ ಎಂದರೆ ಪ್ರಾಣ. ಒಂದು ಹೆಚ್ಚಿನ ಹೆಜ್ಜೆ ಇಲ್ಲದೆ ಲೆಕ್ಕ ಬಿಡಿಸುತ್ತಾಳೆ ಎಂದು ಹೊಗಳುತ್ತಿದ್ದರು. ಅದೇ ಗುಣ ಕನ್ನಡದಲ್ಲಿ ಅವಳನ್ನು ಮುಳುಗಿಸುತ್ತಿತ್ತು. ಪ್ರಬಂಧಕ್ಕೆ ಎರಡು ಸಾಲು, ಪತ್ರಲೇಖನಕ್ಕೆ ಒಂದು ಸಾಲು, ಪದ್ಯದ ಸಾರಾಂಶಕ್ಕೆ “ಕವಿ ಹೇಳಿದ್ದು ಸರಿ” ಎಂಬ ತೀರ್ಪು.

ಶ್ರಾವಣದಲ್ಲಿ ಅವಳ ಅಪ್ಪ ಶಾಲೆಗೆ ಬಂದ. ಕಬ್ಬು, ಭತ್ತ ಬೆಳೆಯುವ ರೈತ, ಗದ್ದೆಯಿಂದ ನೇರ ಬಂದವನ ಕಾಲಲ್ಲಿ ಕೆಸರಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ. “ಪಸ್ಟ್ ಕ್ಲಾಸ್ ಬಂದ್ರೆ ಮಂಡ್ಯದಲ್ಲಿ ಕಾಲೇಜು. ಇಲ್ಲಾಂದ್ರೆ ಗಾರ್ಮೆಂಟ್ಸು” ಎಂದ. ವಿಷಯ ಮುಗಿಯಿತೆಂದು ತಿರುಗಿದವನನ್ನು ನಾನೇ ತಡೆದು ನಿಲ್ಲಿಸಿದೆ. ಕೆದಕಿ ಕೇಳಿದ ಮೇಲೆ ಉಳಿದದ್ದು ತಿಳಿಯಿತು. ಅವನ ತಂಗಿ, ಎಂದರೆ ಹುಡುಗಿಯ ಸೋದರತ್ತೆ, ಗಂಡ ತೀರಿಹೋದ ಮೇಲೆ ಅಣ್ಣನ ಮನೆಗೇ ಬಂದು ಇದ್ದಳು. ಗೆಜ್ಜಲಗೆರೆಯಲ್ಲಿ ಒಂದು ಬಟ್ಟೆ ಹೊಲಿಯುವ ಕಾರ್ಖಾನೆಗೆ ದಿನಾ ವ್ಯಾನಿನಲ್ಲಿ ಹೋಗಿ ಬರುತ್ತಿದ್ದಳು. ಈ ಹುಡುಗಿಗೆ ಕಾರ್ಖಾನೆಗೆ ಸೇರುವ ವಯಸ್ಸಾಗಿಲ್ಲ ಎಂದು ನಾನು ಹೇಳಿದೆ. ಅದಕ್ಕೇನು, ವಯಸ್ಸಾಗುವ ತನಕ ಮನೆಯಲ್ಲೇ ಅತ್ತೆಯ ಮಿಷನ್ನಿನ ಮೇಲೆ ಕೂತು ಕಲಿಯುತ್ತಾಳೆ ಎಂದು ಹೇಳಿ ಹೊರಟೇಹೋದ.

ಮಗಳು ಏನಾಗಬೇಕೆಂದು ಎರಡು ವಾಕ್ಯದಲ್ಲಿ ಮುಗಿಸಿದ ಅಪ್ಪ, ಎಲ್ಲವನ್ನೂ ಅಷ್ಟರಲ್ಲೇ ಮುಗಿಸುವ ಮಗಳು. ಇವರ ನಡುವೆ ಕನ್ನಡದ ಪ್ರಶ್ನೆಪತ್ರಿಕೆ ಹದಿನೈದು ವಾಕ್ಯ ಬೇಕೆಂದು ಪಟ್ಟು ಹಿಡಿದಿತ್ತು. ಆ ಹುಡುಗಿ ಮಿಷನ್ನಿನ ಮೇಲೆ ಕೂರುವುದು ನನ್ನಿಂದ ನೋಡಲಾಗುವುದಿಲ್ಲ ಎಂದು ನನಗೆ ಆವತ್ತೇ ಅನ್ನಿಸಿಬಿಟ್ಟಿತು. ಹೇಗಾದರೂ ಮಾಡಿ ಅವಳ ಬಾಯಿ ಬಿಡಿಸುತ್ತೇನೆಂದು ಹಟ ತೊಟ್ಟೆ.

ಮೊದಲು ಮೆತ್ತಗೆ ಹೇಳಿ ನೋಡಿದೆ. ಬರೆದ ಪ್ರತಿ ವಾಕ್ಯಕ್ಕೂ ಮುಂದೆ ಏನು, ಹಿಂದೆ ಏನು, ಉದಾಹರಣೆ ಏನು ಎಂದು ಕೇಳಿಕೊಳ್ಳಿ ಎಂದೆ. ಅವರು ಕೇಳಿಕೊಂಡರು, ಆದರೆ ಉತ್ತರವನ್ನು ಮನಸ್ಸಿನಲ್ಲೇ ಇಟ್ಟುಕೊಂಡರು. ಆಮೇಲೆ ಬಾಯಿಯಲ್ಲಿ ಬಂದರೆ ಕೈಯಲ್ಲೂ ಬರುತ್ತದೆ ಎಂದು ಲೆಕ್ಕ ಹಾಕಿ ಒಂದು ಕಾನೂನು ತಂದೆ. ಪೀಠಿಕೆ, ವಿವರಣೆ, ಉಪಸಂಹಾರ ಇಲ್ಲದೆ ಇನ್ನು ಮೇಲೆ ನನ್ನ ತರಗತಿಯಲ್ಲಿ ಯಾರೂ ಏನನ್ನೂ ಮಾತಾಡಕೂಡದು.

ಮಾರನೆಯ ದಿನ ಹಾಜರಿ ಕರೆದೆ. ಮೊದಲ ಹುಡುಗ ಎದ್ದು ನಿಂತು, ಶಾಲೆಯು ದೇಗುಲವಿದ್ದಂತೆ ಎಂದು ಶುರುಮಾಡಿದ. ದೇಗುಲಕ್ಕೆ ಭಕ್ತರು ಬರುವ ಹಾಗೆ ಶಾಲೆಗೆ ವಿದ್ಯಾರ್ಥಿಗಳು ಬರುತ್ತಾರೆ, ಕೆಲವರು ಬರುವುದಿಲ್ಲ, ಬಾರದಿರುವುದಕ್ಕೆ ಹಲವು ಕಾರಣಗಳಿವೆ, ಆದ್ದರಿಂದ ನಾನು ಬಂದಿದ್ದೇನೆ ಎಂದು ಹೇಳಿ ಕೂತ. ಹಾಜರಿ ಅರ್ಧಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದರ್ಧ ಮಕ್ಕಳು ಆವತ್ತು ಬಂದಿದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇನ್ನೊಬ್ಬ ಹುಡುಗ ಪಾಠದ ಮಧ್ಯೆ ಎದ್ದು ನಿಂತ. ಮುಖ ಬೆವೆತಿತ್ತು. ಮೂತ್ರ ವಿಸರ್ಜನೆಯು ಸಕಲ ಜೀವಿಗಳ ಸಹಜ ಕ್ರಿಯೆಯಾಗಿದೆ ಎಂದ. ಅನಾದಿ ಕಾಲದಿಂದಲೂ ಎಂದು ಮುಂದುವರಿಸಲು ಹೋದವನು ತಡೆಯಲಾರದೆ ಬಾಗಿಲ ಕಡೆ ಓಡಿದ. ನಾನು ಬೈಯಬೇಕೆಂದು ಕಾಯುತ್ತಿದ್ದರೆ ಹಿಂದಿರುಗಿ ಬಂದವನು ಹೊಸಲಿನಲ್ಲೇ ನಿಂತು, ಆದ್ದರಿಂದ ನಾವೆಲ್ಲರೂ ಸಕಾಲದಲ್ಲಿ ಹೋಗಿ ಬರುವುದು ಒಳಿತು ಎಂದು ಉಪಸಂಹಾರ ಮುಗಿಸಿಯೇ ಒಳಗೆ ಕಾಲಿಟ್ಟ. ಶಿಸ್ತು ಎಂದರೆ ಇದು ಎಂದು ನನಗೆ ಅನ್ನಿಸಿತು. ನನ್ನ ತಲೆ ಎಷ್ಟು ಕೆಟ್ಟಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಬಿಸಿಯೂಟ ಬಡಿಸುವ ಹೆಂಗಸು ಹೆಡ್‌ಮಾಸ್ಟರ ಹತ್ತಿರ ದೂರು ತಂದಳು. ಹತ್ತನೇ ಕ್ಲಾಸಿನ ಮಕ್ಕಳು ತಟ್ಟೆ ಹಿಡಿದು ನಿಂತು ಸಾಂಬಾರಿನ ಇತಿಹಾಸ ಹೇಳುತ್ತಾರೆ, ಹಿಂದಿನ ಸಾಲಿನ ಸಣ್ಣ ಮಕ್ಕಳು ಹಸಿದುಕೊಂಡು ಅಳುತ್ತಾರೆ, ಬೇಕಾದವರು ಬೇಕು ಅನ್ನಬೇಕು, ಬೇಡದವರು ಕೈ ಅಡ್ಡ ಹಿಡಿಯಬೇಕು ಎಂದು ಸೌಟು ಕುಟ್ಟಿದಳು. ಹೆಡ್‌ಮಾಸ್ಟರಿಗೆ ಮಾತ್ರ ಸಂತೋಷವೋ ಸಂತೋಷ. ಈ ಸೀಮೆಗೆ ಬಂದ ಮೇಲೆ ಮೊದಲ ಸಲ ಮನುಷ್ಯರ ಹಾಗೆ ಮಾತಾಡುವವರನ್ನು ಕಂಡೆ ಎಂದರು. ಮಕ್ಕಳನ್ನು ಒಬ್ಬೊಬ್ಬರಾಗಿ ತಮ್ಮ ಕೋಣೆಗೆ ಕರೆದು, ಕ್ಷೇಮವೇ ಎಂದು ಕೇಳಿ, ಅವರು ಕ್ಷೇಮ ಸಮಾಚಾರದ ಉಪಸಂಹಾರಕ್ಕೆ ಬರುವ ತನಕ ಕಣ್ಣು ಮುಚ್ಚಿ ಕೇಳುತ್ತಿದ್ದರು.

ಎರಡನೇ ಬೆಂಚಿನ ಹುಡುಗಿ ಮೊದಮೊದಲು ಸೇರಲಿಲ್ಲ. ಪೀಠಿಕೆ ಹೇಳಬೇಕಾಗುತ್ತದೆಂದು ಮಾತನ್ನೇ ಬಿಟ್ಟಳು. ನಾನು ಬಿಡಬೇಕಲ್ಲ, ಸಂಜೆ ಅರ್ಧ ಗಂಟೆ ಅವಳೊಬ್ಬಳನ್ನೇ ಕೂರಿಸಿಕೊಂಡು, ಬಳಪ, ಬಾಗಿಲು, ಕೊಡೆ, ಕಾಗೆ, ಕಣ್ಣಿಗೆ ಬಿದ್ದದ್ದರ ಮೇಲೆಲ್ಲ ಮಾತಾಡಿಸಿದೆ. ಲೆಕ್ಕದ ತಲೆಯ ಹುಡುಗಿ, ಅದರಲ್ಲಿರುವ ಸೂತ್ರವನ್ನು ಹಿಡಿದೇಬಿಟ್ಟಳು. ವಿಷಯ ಏನೇ ಇರಲಿ, ಮೊದಲು ಅದು ಸಕಲ ಜೀವರಾಶಿಗೆ ಬೇಕು ಅನ್ನಬೇಕು. ಆಮೇಲೆ ಅನಾದಿ ಕಾಲಕ್ಕೆ ಹೋಗಿ ಬರಬೇಕು. ಆಮೇಲೆ ಅದರಿಂದ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ ಅನ್ನಬೇಕು. ಕೊನೆಗೆ ನಾವೆಲ್ಲರೂ ಏನಾದರೂ ಒಂದು ಮಾಡಬೇಕು. ಅರ್ಧ ವಾರ್ಷಿಕ ಪರೀಕ್ಷೆಯಲ್ಲಿ ‘ಸಮಯ ಪಾಲನೆ’ಯ ಮೇಲೆ ಅವಳು ಮೂರು ಪುಟ ಬರೆದು, ಸಮಯ ಸಾಲದೆ ಕೊನೆಯ ಎರಡು ಪ್ರಶ್ನೆ ಬಿಟ್ಟಳು. ಆದರೂ ಅಂಕ ಏರಿತ್ತು. ಅವಳಪ್ಪನಿಗೆ ನಾನೇ ಫೋನು ಮಾಡಿ ತಿಳಿಸಿದೆ. ಸರಿ ಎಂದು ಇಟ್ಟುಬಿಟ್ಟ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೇನೆಂದು ನನಗೆ ತಿಳಿದದ್ದು ಭತ್ತದ ಕೊಯ್ಲಿನ ಹೊತ್ತಿಗೆ.

ಒಂದು ಸಂಜೆ ನಿಂತ ಕಬ್ಬಿಗೆಂದು ನಾಲೆಗೆ ನೀರು ಬಿಟ್ಟಿದ್ದರು. ಹುಡುಗಿಯ ಮನೆಯವರ ಕಬ್ಬಿನ ಗದ್ದೆಯ ಬದು ಕಿತ್ತುಕೊಂಡು ನೀರು ಕೆಳಗಿನ ಗದ್ದೆಗೆ ಇಳಿಯತೊಡಗಿತು. ಕೆಳಗಿನ ಗದ್ದೆ ಪಕ್ಕದ ಮನೆಯವನದು, ಕೊಯ್ದ ಭತ್ತವನ್ನು ಅವನು ಅಲ್ಲೇ ಹರಡಿದ್ದ. ಹುಡುಗಿಯ ತಾಯಿ ಕೈಗೆ ಸಿಕ್ಕ ಮಣ್ಣು, ಕಲ್ಲು ಅಡ್ಡ ಹಾಕುತ್ತ, ಓಡಿಹೋಗಿ ನಿಮ್ಮಪ್ಪನನ್ನು ಕರೆದುಕೊಂಡು ಬಾ ಎಂದು ಮಗಳನ್ನು ಅಟ್ಟಿದಳು. ಅಪ್ಪ ಹಾಲಿನ ಡೈರಿಯ ಕಟ್ಟೆಯ ಮೇಲೆ ಕೂತಿದ್ದ. ಅವನ ಪಕ್ಕದಲ್ಲೇ, ಭತ್ತದ ಯಜಮಾನನಾದ ಆ ಪಕ್ಕದ ಮನೆಯವನೂ ಕೂತಿದ್ದ.

ಹುಡುಗಿ ಏದುಸಿರು ಬಿಡುತ್ತ ಬಂದು ನಿಂತಳು. ಏನಮ್ಮಾ ಎಂದು ಅಪ್ಪ ಕೇಳಿದ. ಆಗ ಅವಳ ಬಾಯಿಂದ ಬಂದದ್ದನ್ನು ಆಮೇಲೆ ಮೂರು ಜನ ನನಗೆ ಒಂದಕ್ಷರ ಬಿಡದೆ ಒಪ್ಪಿಸಿದ್ದಾರೆ. ನೀರು ಸಕಲ ಜೀವರಾಶಿಗಳಿಗೂ ಆಧಾರವಾಗಿದೆ, ಅನಾದಿ ಕಾಲದಿಂದಲೂ ಮಾನವನ ನಾಗರಿಕತೆಗಳು ನದಿಯ ದಡದಲ್ಲೇ ಬೆಳೆದುಬಂದಿವೆ.

ಅಪ್ಪ ಇದನ್ನು ಪರೀಕ್ಷೆಯ ತಯಾರಿ ಎಂದುಕೊಂಡ. ಮಗಳು ನಾಲ್ಕು ಜನರ ಮುಂದೆ ಪುಸ್ತಕದ ಹಾಗೆ ಮಾತಾಡುವುದನ್ನು ಅವನು ಕೇಳಿದ್ದು ಅದೇ ಮೊದಲು. ಹಾಲು ಅಳೆಯುವವನಿಗೆ ಕ್ಯಾನು ಕುಟ್ಟಬೇಡ ಎಂದು ಸನ್ನೆ ಮಾಡಿದ. ಪಕ್ಕದ ಮನೆಯವನು ಟೀ ಅಂಗಡಿಯಲ್ಲಿದ್ದವರನ್ನೂ ಕೂಗಿ ಕರೆದ. ಹುಡುಗಿ ಅಳುಮುಖ ಮಾಡಿಕೊಂಡು, ಆದರೆ ಕ್ರಮ ತಪ್ಪದೆ, ನೀರಿನ ಉಪಯೋಗಗಳನ್ನು ಮುಗಿಸಿ ಅಪಾಯಗಳಿಗೆ ಬಂದಳು. ನೀರು ಮಿತ್ರನೂ ಹೌದು, ಮಿತಿ ಮೀರಿದರೆ ಶತ್ರುವೂ ಹೌದು ಎಂದಾಗ ಜನ ಚಪ್ಪಾಳೆ ತಟ್ಟಿದರು. ಇದಕ್ಕೆ ಉದಾಹರಣೆಯಾಗಿ ನಮ್ಮ ಗದ್ದೆಯನ್ನೇ ತೆಗೆದುಕೊಳ್ಳಬಹುದು ಎಂದಳು. ಬದು ಒಡೆದಿದೆ, ನೀರು ಪಕ್ಕದ ಮನೆಯವರ ಭತ್ತಕ್ಕೆ ನುಗ್ಗಿದೆ ಎಂದಳು. ಉದಾಹರಣೆ ಬಹಳ ಚೆನ್ನಾಗಿದೆ ಎಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಆ ಪಕ್ಕದ ಮನೆಯವನೇ. ಆದ್ದರಿಂದ ನಾವೆಲ್ಲರೂ ಗುದ್ದಲಿ ಹಿಡಿದು ಈಗಲೇ ಓಡಬೇಕು ಎಂದು ಅವಳು ಉಪಸಂಹಾರ ಮಾಡಿ, ದಳದಳ ಕಣ್ಣೀರು ಸುರಿಸಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಓಡಿಹೋಗಿ ನೋಡಿದರೆ ಕೊಯ್ದು ಹಾಕಿದ್ದ ಭತ್ತದ ಹಿಡಿಗಳು ನೀರಲ್ಲಿ ತೇಲುತ್ತಿದ್ದವು.

ಮಾರನೆಯ ಬೆಳಿಗ್ಗೆ ಇಬ್ಬರೂ ಹುಡುಗಿಯನ್ನು ಕರೆದುಕೊಂಡು ಶಾಲೆಗೆ ಬಂದರು. ಪಕ್ಕದ ಮನೆಯವನಿಗೆ ಭತ್ತ ನೆನೆದದ್ದಕ್ಕಿಂತ ತಾನು ಚಪ್ಪಾಳೆ ತಟ್ಟಿದ್ದರ ಸಂಕಟವೇ ಹೆಚ್ಚಾಗಿತ್ತು. ಊರಲ್ಲಿ ಎಲ್ಲರೂ ತನ್ನನ್ನು ಕಂಡರೆ ಚಪ್ಪಾಳೆ ತಟ್ಟುತ್ತಿದ್ದಾರೆ ಎಂದು ಗೋಳಿಟ್ಟ. ಹೆಡ್‌ಮಾಸ್ಟರು ಹುಡುಗಿಯ ಕಡೆ ತಿರುಗಿ, ಅಪ್ಪನಿಗೆ ತಪ್ಪಾಯಿತು ಅಂತ ಹೇಳಮ್ಮ ಎಂದರು. ಅವಳು ಬಾಯಿ ತೆರೆದಳು. ತಪ್ಪು ಮಾಡುವುದು ಮಾನವನ ಸಹಜ ಗುಣವಾಗಿದೆ ಎಂದಳು. ಅನಾದಿ ಕಾಲದಿಂದಲೂ ಎನ್ನುವಷ್ಟರಲ್ಲಿ ಅವಳಪ್ಪ ಕೈ ಎತ್ತಿ ನಿಲ್ಲಿಸಿದ.

“ಮಾತಾಡ್ಸಿ ಅಂದ್ರೆ ಅರಿಕಥೆ ಕಲ್ಸಿದ್ದೀರಲ್ಲ ಮೇಡಮ್ಮೋರೆ” ಎಂದ. “ನಾಳಿಂದ ಬರಾಕಿಲ್ಲ ಇವ್ಳು.”

ಪರೀಕ್ಷೆಗೆ ಇನ್ನು ಮೂರು ತಿಂಗಳೂ ಇರಲಿಲ್ಲ. ಮಾರನೆಯ ದಿನ ಹುಡುಗಿ ಬರಲಿಲ್ಲ, ಅದರ ಮಾರನೆಯ ದಿನವೂ ಬರಲಿಲ್ಲ. ಮಿಷನ್ನಿನ ಮೇಲೆ ಕೂರಿಸಿದ್ದಾರೆ ಎಂದು ಅವಳ ಓಣಿಯ ಮಕ್ಕಳು ಪೀಠಿಕೆ, ವಿವರಣೆ ಸಮೇತ ನನಗೆ ವರದಿ ಮಾಡಿದರು. ಆ ಕಾನೂನನ್ನು ನಾನು ಆವತ್ತೇ ರದ್ದು ಮಾಡಿದೆ. ಮಕ್ಕಳಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಕಾನೂನು ರದ್ದಾದದ್ದಕ್ಕೆ ಒಬ್ಬ ಎದ್ದು ನಿಂತು ವಂದನಾರ್ಪಣೆ ಮಾಡಿದ. ನನಗೆ ನಗು ಬರಲಿಲ್ಲ. ಆ ಹುಡುಗಿಗೆ ಇದ್ದ ಮಾತನ್ನೂ ನಾನೇ ಕಿತ್ತುಕೊಂಡೆನಲ್ಲ ಎಂದು ಬಸ್ಸಿನಲ್ಲಿ ಕೂತಾಗ, ಒಗ್ಗರಣೆ ಹಾಕುವಾಗ, ಹೊತ್ತಲ್ಲದ ಹೊತ್ತಲ್ಲಿ ನೆನಪಾಗುತ್ತಿತ್ತು.

ಭಾನುವಾರ ಹೆಡ್‌ಮಾಸ್ಟರನ್ನು ಹೊರಡಿಸಿಕೊಂಡು ಅವರ ಮನೆಗೆ ಹೋದೆ. ಮದ್ದೂರಿನಿಂದ ಹೋಗುವ ಬಸ್ಸಿನಲ್ಲಿ ನಾವಿಬ್ಬರೂ ಏನು ಹೇಳಬೇಕೆಂದು ಮಾತಾಡಿಕೊಂಡೆವು. ಪೀಠಿಕೆ ಅವರು ಹಾಕುವುದು, ವಿವರಣೆ ನಾನು ಕೊಡುವುದು, ಉಪಸಂಹಾರವನ್ನು ಸಂದರ್ಭ ನೋಡಿಕೊಂಡು ಇಬ್ಬರೂ ಸೇರಿ ಮಾಡುವುದು ಎಂದು ತೀರ್ಮಾನವಾಯಿತು. ನಾವು ಮಾಡುತ್ತಿರುವುದು ಏನೆಂದು ಇಬ್ಬರಿಗೂ ಹೊಳೆಯಲಿಲ್ಲ.

ಹೆಂಚಿನ ಮನೆ. ಬಾಗಿಲ ಬೆಳಕಿಗೆ ಹೊಲಿಗೆ ಮಿಷನ್ನು ಹಾಕಿದ್ದರು. ಹುಡುಗಿ ತುಳಿಯುತ್ತಿದ್ದಳು, ಪಕ್ಕದಲ್ಲಿ ಅವಳ ಅತ್ತೆ ಚಾಪೆಯ ಮೇಲೆ ಕೂತು ಬಟ್ಟೆಯ ಚೂರು ಕತ್ತರಿಸಿ ಕೊಡುತ್ತಿದ್ದಳು. ಭಾನುವಾರ ಕಾರ್ಖಾನೆಗೆ ರಜೆ. ನನಗಿಂತ ಚಿಕ್ಕವಳಿರಬೇಕು, ಬೆನ್ನು ಮಾತ್ರ ಆಗಲೇ ಬಾಗಿತ್ತು. ನಮ್ಮನ್ನು ಕಂಡು ಎದ್ದು, ಕುರ್ಚಿ ಹಾಕಿ, ಮತ್ತೆ ಹೋಗಿ ಕೂತಳು. ಹುಡುಗಿಯ ತಾಯಿ ಕಾಫಿ ಕೊಟ್ಟಳು. ಅಪ್ಪ ಕಂಬಕ್ಕೆ ಒರಗಿ ನಿಂತು “ಏನ್ ಬಂದ್ರಿ, ಏಳಿ” ಎಂದ.

ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡರು. ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ ಎಂದು ಶುರುಮಾಡಿ, ಹಸು, ಗದ್ದೆ, ಈ ಮನೆಯ ಕಾಫಿಯ ಹದ ಎಲ್ಲವನ್ನೂ ಹೊಗಳಿ, ಅಲ್ಲಿಂದ ವೇದಕಾಲಕ್ಕೆ ಹೋದರು. ಅಪ್ಪ ಸ್ವಲ್ಪ ಹೊತ್ತು ಕೇಳಿಸಿಕೊಂಡು ಹಿತ್ತಿಲಿಗೆ ಹೋದ. ಹಸು ಕರೆದ. ಹಾಲು ತಗೊಂಡು ಡೈರಿಗೆ ಹೋಗಿ, ಹಾಕಿ, ವಾಪಸ್ಸು ಬಂದ. ಹೆಡ್‌ಮಾಸ್ಟರು ಇನ್ನೂ ವೇದಕಾಲದಲ್ಲೇ ಇದ್ದರು. ಅವನು ಹೋದದ್ದೂ ಅವರಿಗೆ ಗೊತ್ತಾಗಿರಲಿಲ್ಲ, ಬಂದದ್ದೂ ಗೊತ್ತಾಗಲಿಲ್ಲ. ನಾನೇ ಅವರ ಮಾತಿಗೆ ಅಡ್ಡ ಬಂದು ನನ್ನ ಭಾಗ ಎತ್ತಿಕೊಂಡೆ.

ಇಂದಿನ ಸ್ಪರ್ಧಾತ್ಮಕ ಯುಗದಲ್ಲಿ ಎಂದೆ.

ಅಷ್ಟು ಹೇಳಿದ ಮೇಲೆ ನನ್ನ ಮಾತು ನನ್ನ ಕಿವಿಗೇ ಬಿತ್ತು. ಮಳವಳ್ಳಿಯಲ್ಲಿ ಹುಟ್ಟಿದವಳು ನಾನು. ನನ್ನ ತಾಯಿ ಕೇಳಿಸಿಕೊಂಡಿದ್ದರೆ ಯಾರಿವಳು ಎಂದು ಕೇಳುತ್ತಿದ್ದಳು. ಮುಂದಿನ ಮಾತು ಬಾಯಿಗೆ ಬರಲಿಲ್ಲ, ಬರಬೇಕೆಂದೂ ಅನ್ನಿಸಲಿಲ್ಲ. ಹೆಡ್‌ಮಾಸ್ಟರು ನನ್ನ ಮುಖ ನೋಡಿದರು. ಅಪ್ಪ ಸೂರು ನೋಡುತ್ತಿದ್ದ. ಮಿಷನ್ನಿನ ಸದ್ದೂ ನಿಂತಿತು.

“ಅಪ್ಪ, ನಂಗೆ ಗಾರ್ಮೆಂಟ್ಸ್ ಬ್ಯಾಡ. ಓದ್ತೀನಿ” ಎಂದಳು ಹುಡುಗಿ.

ಅಪ್ಪ ಮಗಳ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ತನಗೆ ಅರ್ಥವಾಗುವ ಭಾಷೆ ಕೊನೆಗೂ ಕಿವಿಗೆ ಬಿದ್ದವನ ಹಾಗಿತ್ತು. “ಯಾಕೆ? ನಿಮ್ಮತ್ತೆ ಓಗ್ತಾ ಇಲ್ವ?” ಎಂದ.

ಹುಡುಗಿ ಅತ್ತೆಯನ್ನು ಒಂದು ಸಲ ನೋಡಿ, ತಲೆ ತಗ್ಗಿಸಿ ಹೇಳತೊಡಗಿದಳು. ನಾನು ಕಲಿಸಿದ್ದು ಅದರಲ್ಲಿ ಏನೂ ಇರಲಿಲ್ಲ. ಅತ್ತೆ ಬೆಳಕು ಹರಿಯುವ ಮೊದಲೇ ವ್ಯಾನು ಹತ್ತುತ್ತಾಳೆ, ದೀಪ ಹಚ್ಚಿದ ಮೇಲೆ ಬರುತ್ತಾಳೆ ಎಂದಳು. ಅಲ್ಲಿ ಮಾತಾಡಿದರೆ ಬೈಯುತ್ತಾರೆ, ಬಾಯಿ ಮುಚ್ಚಿ ಅಭ್ಯಾಸವಾಗಿ ಮನೆಯಲ್ಲೂ ಅತ್ತೆ ಮಾತು ಬಿಟ್ಟಿದ್ದಾಳೆ ಎಂದಳು. ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆಂದು ಅತ್ತೆ ನೀರು ಕುಡಿಯುವುದಿಲ್ಲ, ಅದಕ್ಕೇ ರಾತ್ರಿ ತಂಬಿಗೆಗಟ್ಟಲೆ ಕುಡಿಯುತ್ತಾಳೆ, ನಾವೆಲ್ಲ ಅವಳಿಗೆ ದಾಹ ಜಾಸ್ತಿ ಅಂದುಕೊಂಡಿದ್ದೇವೆ ಎಂದಳು. ಆಮೇಲೆ ಮಿಷನ್ನಿನ ಸೂಜಿಯ ಕೆಳಗಿದ್ದ ಬಟ್ಟೆಯನ್ನು ಎತ್ತಿ ತೋರಿಸಿದಳು. ಅದು ಒಂದು ಎಡಗೈ ತೋಳು.

“ಅತ್ತೆ ಇದೊಂದೇ ಒಲೆಯೋದು ಅಪ್ಪ. ಎಡಗೈ ತೋಳು. ಅಷ್ಟು ವರ್ಸದಿಂದ ಓಗ್ತಾ ಅವ್ಳೆ, ಒಂದು ಪೂರ್ತಿ ಸರ್ಟು ಒಲ್ದಿಲ್ಲ. ನಾನು ಲೆಕ್ಕ ಮಾಡಿದ್ರೆ ಮೊದ್ಲಿಂದ ಕೊನೆ ತನಕ ನಾನೇ ಮಾಡ್ತೀನಿ. ನಂಗೆ ಅಂಗೇ ಇರ್ಬೇಕು.”

ಮುಂದೆ ಏನು ಓದಬೇಕು, ಏನಾಗಬೇಕು ಎನ್ನುವುದು ಇನ್ನೂ ಗೊತ್ತಿಲ್ಲ, ಗೊತ್ತಾಗುವ ತನಕ ಓದಬೇಕು ಎಂದಳು. ಭತ್ತ ನೆನೆದದ್ದಕ್ಕೆ ತನಗೆ ನಿದ್ದೆ ಬರುತ್ತಿಲ್ಲ ಎಂದಳು. ಇದನ್ನೆಲ್ಲ ಯಾಕೆ ಇಷ್ಟು ದಿನ ಹೇಳಲಿಲ್ಲ ಎಂದು ಅಪ್ಪ ಕೇಳಿದ. ನೀನು ಕೇಳಲಿಲ್ಲ ಎಂದಳು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನನ್ನ ಕಣ್ಣು ಆಗಲೇ ಒದ್ದೆಯಾಗಿತ್ತು. ವಾಕ್ಯ ಎಣಿಸುವ ನನ್ನ ಚಾಳಿ ಆವತ್ತು ಎಲ್ಲಿ ಹೋಗಿತ್ತೋ ಗೊತ್ತಿಲ್ಲ.

ಅತ್ತೆ ಕತ್ತರಿಯನ್ನು ಚಾಪೆಯ ಮೇಲೆ ಇಟ್ಟಳು. ತನ್ನ ವಿಷಯ ಹೀಗೆ ಬಯಲಿಗೆ ಬಂದದ್ದಕ್ಕೆ ಬೇಜಾರಾಗಿರಬಹುದು ಎಂದು ನಾನು ಹೆದರಿದ್ದೆ.

“ಅವ್ಳು ಏಳಿದ್ದು ಸರಿ ಕಣಣ್ಣ” ಎಂದಳು. “ನನ್ನ ಯಾರೂ ಕೇಳ್ನಿಲ್ಲ.”

ಏಳನೇ ಕ್ಲಾಸಿಗೆ ಅವಳನ್ನು ಶಾಲೆ ಬಿಡಿಸಿದ್ದು ಈ ಅಣ್ಣನೇ ಎಂದು ಹುಡುಗಿಯ ತಾಯಿ ಆಮೇಲೆ ನನಗೆ ಹೇಳಿದಳು. ಆವತ್ತು ಅದು ಗೊತ್ತಿರದಿದ್ದರೂ ಅವನ ಮುಖ ನೋಡಿದರೆ ಸಾಕಾಗಿತ್ತು. ಹೆಡ್‌ಮಾಸ್ಟರು ಉಪಸಂಹಾರಕ್ಕೆಂದು ಬಾಯಿ ತೆರೆದರು, ನಾನು ಅವರ ಕಾಲು ತುಳಿದೆ.

ಮಂಡ್ಯಕ್ಕೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಸ್ಸು ಎಂದು ಅಪ್ಪ ನನ್ನನ್ನು ಕೇಳಿದ. ಏಳೂವರೆಗೆ ಒಂದಿದೆ, ಮದ್ದೂರಿನಲ್ಲಿ ಇಳಿದು ಬದಲಾಯಿಸಬೇಕು ಎಂದೆ. ಆಗಲಿ ಎಂದ. ನಾಳೆಯಿಂದ ಸ್ಕೂಲಿಗೆ ಹೋಗು ಎಂದು ಮಗಳಿಗೆ ಹೇಳಿದ. ಫಸ್ಟ್ ಕ್ಲಾಸಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ. ಗೂಟದಿಂದ ಟವೆಲ್ಲು ತೆಗೆದು ಹೆಗಲ ಮೇಲೆ ಹಾಕಿಕೊಂಡು ಗದ್ದೆಯ ಕಡೆ ಹೊರಟವನು ಹೊಸಲಿನಲ್ಲಿ ನಿಂತ. ನಮ್ಮ ಕಡೆಗೆ ಬೆನ್ನು ಮಾಡಿಕೊಂಡೇ, ತಂಗಿಯನ್ನು ಕೇಳಿದ.

“ಆವಾಗ ನೀನು ಏನು ಓದ್ಬೇಕು ಅಂತಿದ್ದೆ?”

ಅತ್ತೆ ಚಾಪೆಯ ಮೇಲಿದ್ದ ಬಟ್ಟೆಯ ಚೂರುಗಳನ್ನು ಒಂದು ಕಡೆ ಒತ್ತಿ, ಪಕ್ಕದಲ್ಲಿ ಜಾಗ ಮಾಡಿದಳು.

“ಬಾ, ಕೂತ್ಕೊ ಅಣ್ಣ” ಎಂದಳು. “ಉದ್ದ ಐತೆ.”